ಕಾಕುವಿನ ಪಾಲಿನ ಗಾಳಿ

ಊರ ಹೊರವಲಯದ ವಾಕಡದಲ್ಲಿ ಹೊಸದಾಗಿ ತೆರೆದಿರುವ ಒಂದು ಹೋಟೆಲಿನ ಮೆಟ್ಟಿಲು ಹತ್ತುವಾಗಲೇ ಕಟ್ಟಿಗೆಯ ಹೊಗೆ ಮೂಗಿಗೆ ಬಡಿಯಿತು. ಬಡಿಯಲಿ ಎಂದೇ ಒಲೆಯನ್ನು ಬಾಗಿಲ ಪಕ್ಕದಲ್ಲಿ ಹೂಡಿದ್ದರು. ಫಲಕದ ಮೇಲೆ ‘ಚುಲೀವರಚೀ ಭಾಕರಿ’, ಅಂದರೆ ಒಲೆಯ ಮೇಲಿನ ರೊಟ್ಟಿ, ಎಂದು ದಪ್ಪ ಮರಾಠಿ ಅಕ್ಷರ. ಅದರ ಕೆಳಗೆ ಒಂದು ಗಾಜಿನ ಗೂಡು. ಗೂಡಿನೊಳಗೆ ಒಂಬತ್ತು ಗಜದ ಸೀರೆ ಉಟ್ಟ ಹೆಂಗಸೊಬ್ಬಳು ಕೂತು ರೊಟ್ಟಿ ತಟ್ಟುತ್ತಿದ್ದಳು. ಗಾಜು ಹಾಕಿದ್ದು ಊಟಕ್ಕೆ ಬಂದವರಿಗೆ ಹೊಗೆ ತಾಗದಿರಲಿ ಎಂದು. ಮೇಲುಗಡೆ ಒಂದು ಗೇಣು ಸಂದು ಬಿಟ್ಟದ್ದು ವಾಸನೆಯಾದರೂ ಬರಲಿ ಎಂದು. ಈ ಏರ್ಪಾಟು ಯಾವ ತಲೆಗೆ ಹೊಳೆಯಿತೋ, ಆ ತಲೆಗೆ ಏನೆನ್ನಬೇಕೋ ನನಗೆ ತಿಳಿಯಲಿಲ್ಲ. ನನ್ನ ಮುಂದಿದ್ದ ಕುಟುಂಬವೊಂದು ಗಾಜಿಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆದುಕೊಂಡಿತು. ಹಿಂದೆ ಆ ಹೆಂಗಸು ಸೆರಗಿನೊಳಗೆ ಕೆಮ್ಮುತ್ತಿದ್ದದ್ದು ಫೋಟೋದಲ್ಲಿ ಬಂದಿರಲೇಬೇಕು.

ನಾನು ಹೋದದ್ದು ಊಟಕ್ಕಲ್ಲ, ಎರಡು ರೊಟ್ಟಿ ಕಟ್ಟಿಸಿಕೊಳ್ಳಲಿಕ್ಕೆ. ಯಾರಿಗೆ ಎಂದು ಆಮೇಲೆ ಹೇಳುತ್ತೇನೆ, ಮೊದಲು ನನ್ನ ಸಿಟ್ಟು ಇಳಿಯಲಿ. ಪಾರ್ಸಲ್ ಬರುವವರೆಗೆ ಸುಮ್ಮನೆ ನಿಲ್ಲಲಾಗದೆ ಆ ಸಂದಿಯಿಂದ ಕೇಳಿದೆ, ಕೆಮ್ಮಿಗೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರೇನು ಎಂದು. ಆಕೆ ನಕ್ಕಳು.

“ಸವಯ ಝಾಲೀ, ತಾಈ.” ರೂಢಿಯಾಗಿದೆ, ಅಕ್ಕ.

ಇದೇ ಮಾತನ್ನು ನಾನು ಕನ್ನಡದಲ್ಲಿ ಎಷ್ಟು ವರ್ಷ ಕೇಳಿದ್ದೆ...

ಆ ಮಾತು ಹೇಳುತ್ತಿದ್ದವರು ನಮ್ಮ ಕೆಳಗಿನ ಮನೆಯ ಕಾಕು, ಅಂದರೆ ಎಲ್ಲರ ಚಿಕ್ಕಮ್ಮ. ಸ್ವಾರಗೇಟದ ಬಸ್‌ ನಿಲ್ದಾಣದಿಂದ ಚೀಲ ಹೊತ್ತುಕೊಂಡು ನಡೆದು ಬರುವಷ್ಟು ಹತ್ತಿರದಲ್ಲಿ ನಮ್ಮ ಹಳೆಯ ಸೊಸಾಯಟಿ ಇದೆ. ಧಾರವಾಡ, ಬೆಳಗಾವಿ ಕಡೆಯಿಂದ ನೌಕರಿಗೆಂದು ಬಂದ ಗಂಡಸರು ಹಿಂದೆಲ್ಲ ಬಸ್ಸಿಳಿದು ಮೊದಲು ಕೇಳುತ್ತಿದ್ದದ್ದು ಕಾಕುವಿನ ಖಾನಾವಳಿಯನ್ನಂತೆ. ನೆಲಮಹಡಿಯ ಎರಡು ಕೋಣೆ, ಹಿಂದೆ ಒಂದಿಷ್ಟು ಹಿತ್ತಲು, ಹಿತ್ತಲಿನಲ್ಲಿ ತಗಡಿನ ಮಾಡು, ಮಾಡಿನ ಕೆಳಗೆ ಕಟ್ಟಿಗೆಯ ಒಲೆ. ನಮ್ಮ ಅಪ್ಪನೂ ಮದುವೆಯಾಗುವ ಮೊದಲು ಅಲ್ಲೇ ಉಂಡವನು. ಆಮೇಲೆ ಅದೇ ಕಟ್ಟಡದ ಮೇಲಿನ ಮನೆ ಹಿಡಿದದ್ದು ರೊಟ್ಟಿಯ ಆಸೆಗೆ ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ.

ಆ ಒಲೆಯ ಕತೆಯೇ ನನಗೆ ತಲೆ ಬಿಸಿ ಮಾಡುವುದು. ಕಾಕುವಿನ ಮನೆಗೆ ಗ್ಯಾಸು ಬಂದು ಎಷ್ಟೋ ವರ್ಷವಾಗಿತ್ತು. ಪಲ್ಯ, ಸಾರು, ಅನ್ನ ಎಲ್ಲ ಗ್ಯಾಸಿನ ಮೇಲೆ. ರೊಟ್ಟಿ ಮಾತ್ರ ಕಟ್ಟಿಗೆಯ ಮೇಲೆ. ಒಮ್ಮೆ ರೊಟ್ಟಿಯನ್ನೂ ಗ್ಯಾಸಿನ ಮೇಲೆ ಬೇಯಿಸಿ ಬಡಿಸಿದ್ದರಂತೆ. ಪಂಕ್ತಿಯಲ್ಲಿ ಯಾರೋ ಒಬ್ಬ ಒಂದು ತುತ್ತು ಮುರಿದು, “ಕಾಕು, ಇದು ಯಾಕೋ ಬ್ಯಾರೆ ಆಗೇದ ನೋಡ್ರಿ” ಅಂದನಂತೆ. ಮುಗಿಯಿತು. ಮರುದಿನದಿಂದ ಮತ್ತೆ ಹಿತ್ತಲು, ಮತ್ತೆ ಊದುಗೊಳವೆ, ಮತ್ತೆ ಹೊಗೆ. ಇದನ್ನು ಕಾಕು ಸೋಲೆಂದು ಹೇಳುತ್ತಿರಲಿಲ್ಲ, ಹೆಮ್ಮೆಯಿಂದ ಹೇಳುತ್ತಿದ್ದರು. ಹಾಗೆ ಅಂದವನು ಯಾರು ಎಂದು ನಾನು ಕೇಳಿದಾಗಲೆಲ್ಲ ಅಪ್ಪ ಪೇಪರು ಅಗಲ ಮಾಡಿ ಹಿಡಿಯುತ್ತಿದ್ದ.

ಕಾಕುವಿನ ಗಂಡ, ನಾವು ಕಾಕಾ ಅನ್ನುತ್ತಿದ್ದವರು, ಒಂದು ಕಂಪನಿಯ ಸ್ಟೋರಿನಲ್ಲಿದ್ದು ನಿವೃತ್ತರಾದವರು. ಹರೆಯದಿಂದಲೂ ಸಿಗರೇಟು. ಅವರಿಗೆ ದಮ್ಮು ಹತ್ತಿತು. ಡಾಕ್ಟರು ಅದಕ್ಕೆ ಇಂಗ್ಲಿಷಿನ ನಾಲ್ಕಕ್ಷರದ ಹೆಸರು ಹೇಳಿದರು, ಸಿಓಪಿಡಿ. ಶ್ವಾಸಕೋಶದಿಂದ ಗಾಳಿ ಹೊರಗೆ ಹೋಗಲು ತಡೆ, ಹಳೆಯದು, ಪೂರ್ತಿ ಹೋಗುವಂಥದ್ದಲ್ಲ. ಕಾಕಾ ಕಡ್ಡಿಯಂತಾದರು. ಬಿಸಿ ಚಹಾ ಆರಿಸುವವರಂತೆ ತುಟಿ ಮುಂದೆ ಮಾಡಿ ಉಸಿರು ಬಿಡುತ್ತಿದ್ದರು. ಗಲ್ಲದ ಎಲುಬು ಎದ್ದು ಕಾಣುತ್ತಿತ್ತು. ಯಾರು ನೋಡಿದರೂ ಅಯ್ಯೋ ಅನ್ನುವಂಥ ಕಾಯಿಲೆ ಅದು, ಅಂದರು ಕೂಡ. ಸೊಸಾಯಟಿಯವರು ಸರದಿಯ ಮೇಲೆ ವಿಚಾರಿಸಿಕೊಂಡು ಹೋಗುತ್ತಿದ್ದರು. ಬಂದವರಿಗೆಲ್ಲ ಚಹಾ ಮಾಡಿ ತರುತ್ತಿದ್ದವರು ಕಾಕು. ಟ್ರೇ ಕೆಳಗಿಟ್ಟು ಗೋಡೆ ಹಿಡಿದು ಒಂದು ಕ್ಷಣ ನಿಲ್ಲುತ್ತಿದ್ದರು. ಅದನ್ನು ಯಾರೂ ವಿಚಾರಿಸುತ್ತಿರಲಿಲ್ಲ.

ಕಾಕು ದುಂಡಗಿನ ಹೆಂಗಸು. ಕಾಲು ಸಂಜೆಯ ಹೊತ್ತಿಗೆ ಬಾತು, ಚಪ್ಪಲಿಯ ಪಟ್ಟಿ ಒಳಗೆ ಹೂತುಹೋಗುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಕಫದ ಕೆಮ್ಮು, ಅದರ ಹಿಂದೆ ತಲೆನೋವು. ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ರೊಟ್ಟಿ ತಟ್ಟುತ್ತಲೇ ಕಾಕುವಿಗೆ ನಿದ್ದೆ ಬರುತ್ತದೆ ಎಂದು ಇಡೀ ಕಟ್ಟಡಕ್ಕೆ ಒಂದು ತಮಾಷೆ. ನಾವೆಲ್ಲ ನಗುತ್ತಿದ್ದೆವು, ಕಾಕುವೂ ನಗುತ್ತಿದ್ದರು. ಅವರ ಉಸಿರಿನ ಸದ್ದು ಮೇಲಿನ ಮನೆಯ ನಮಗೆ ಕೇಳುತ್ತಿತ್ತು. ಆದರೂ ದಮ್ಮು ಇದ್ದದ್ದು ಕಾಕಾನಿಗೆ. ಕಾಕುವಿಗೆ ಇದ್ದದ್ದು ವಯಸ್ಸು, ಮೈಭಾರ, ಮೊಣಕಾಲು, ರೂಢಿ, ಮತ್ತು ಬಂದವರು ಯಾರೋ ಸೇರಿಸಿ ಹೋದ ಗ್ಯಾಸ್‌ಟ್ರಬಲ್ಲು.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರಿ ಮಾಡಿಸುತ್ತಿದ್ದ ಮೇಷ್ಟ್ರು ಒಂದು ನಿಯಮ ಹಾಕಿದ್ದರು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳು, ಆಮೇಲೆ ಮುರಿ. ಸರಿ, ಹೇಳುತ್ತೇನೆ. ಸೊಸಾಯಟಿಯ ವಾದ ಹೀಗಿತ್ತು. ದಮ್ಮು ಬರುವುದು ಸೇದುವವರಿಗೆ. ಕಾಕು ಜನ್ಮದಲ್ಲಿ ಸಿಗರೇಟು ಮುಟ್ಟಿಲ್ಲ. ಆದ್ದರಿಂದ ಕಾಕುವಿಗೆ ದಮ್ಮಿಲ್ಲ. ನೋಡಲಿಕ್ಕೆ ಚಂದದ ವಾದ. ಆದರೆ ಅದರ ಮೊದಲ ಸಾಲನ್ನು ಯಾರು ಯಾವಾಗ ಸಿದ್ಧ ಮಾಡಿದರು? ಸೇದುವುದೆಂದರೆ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದು ತಾನೆ? ತಗಡಿನ ಮಾಡಿನ ಕೆಳಗೆ, ಒಲೆಗೆ ಮುಖ ಕೊಟ್ಟು, ಊದುಗೊಳವೆಗೆ ಬಾಯಿ ಹಚ್ಚಿ ವರ್ಷಗಟ್ಟಲೆ ಕೂತವರು ಎಳೆದುಕೊಂಡದ್ದೇನು, ಗುಲಾಬಿಯ ಪರಿಮಳವೇ? ಇದಕ್ಕೆ ಎರಡನೆಯ ಮಹಡಿಯವರು ಒಂದು ರಾಮಬಾಣ ಇಟ್ಟಿದ್ದರು. ನಮ್ಮ ಅಜ್ಜಿ ಕಟ್ಟಿಗೆ ಒಲೆಯ ಮುಂದೆಯೇ ಬಾಳಿದಳು, ನೂರು ಮುಟ್ಟಿದಳು. ಇರಬಹುದು. ಬದುಕಿ ಉಳಿದ ಅಜ್ಜಿಯರಷ್ಟೇ ಸಾಕ್ಷಿ ಹೇಳಲು ಸಿಗುತ್ತಾರೆ ಎಂದೆ ನಾನು. ಉಳಿಯದವರನ್ನು ಎಲ್ಲಿಂದ ಕರೆಸುತ್ತೀರಿ? ಅವರು ಅಮ್ಮನಿಗೆ ಹೇಳಿ ಕಳಿಸಿದರು, ನಿಮ್ಮ ಮಗಳಿಗೆ ಮಾತು ಭಾಳ ಆತು ಎಂದು.

ಸೊಸಾಯಟಿ ಹೋಗಲಿ. ಸ್ವತಃ ಕಾಕುವೇ ಎದುರು ಪಕ್ಷದಲ್ಲಿದ್ದರೆ ಏನು ಮಾಡುವುದು? ನನ್ನನ್ನು ಅವರು ವಕೀಲಬಾಯಿ ಎಂದು ಕರೆಯುತ್ತಿದ್ದರು. ಡಾಕ್ಟರಿಗೆ ತೋರಿಸೋಣ ಎಂದು ನಾನು ಒತ್ತಾಯ ಮಾಡಿದಷ್ಟೂ ಅವರಿಗೆ ನಗು.

“ವಕೀಲಬಾಯಿ, ಮಂದಿ ಏನಂದಾರು? ಗಂಡನ ಕೂಡ ಈಕೀನೂ ಸೇದತಿದ್ಲು ಅನ್ನೂದಿಲ್ಲೇನು?”

ಅದು ಬರೀ ತಮಾಷೆಯಾಗಿರಲಿಲ್ಲ. ಆ ಕಾಯಿಲೆಯ ಹೆಸರಿಗೇ ಸಿಗರೇಟಿನ ವಾಸನೆ ಹತ್ತಿತ್ತು. ಹೆಸರು ಹಚ್ಚಿಕೊಂಡರೆ ವಾಸನೆಯೂ ಬರುತ್ತದೆ ಎಂದು ಅವರಿಗೆ ನಿಜವಾದ ಅಂಜಿಕೆ. ಹಾಗೆಂದು ಔಷಧವಿಲ್ಲದೆ ಇದ್ದರೇ? ಇಲ್ಲ, ಅದು ಇನ್ನೊಂದು ಕತೆ. ಕಾಕಾ ಬಾಯಿಗಿಟ್ಟು ಔಷಧ ಎಳೆದುಕೊಳ್ಳುವ ಪಂಪು ಮುಗಿಯಲು ಬಂದಾಗ ಹೊಸದು ತರುತ್ತಿದ್ದರು. ಹಳೆಯದರ ತಳದಲ್ಲಿ ಉಳಿದದ್ದನ್ನು ಕಾಕು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಎಳೆದುಕೊಳ್ಳುತ್ತಿದ್ದರು. ನಾನು ಹಿಡಿದೆ. ವ್ಯರ್ಥ ಯಾಕ ಮಾಡೂದು, ಅಂದರು. ಖಾನಾವಳಿ ನಡೆಸುವಾಗ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಸಾರಿನಲ್ಲಿ ರೊಟ್ಟಿ ಅದ್ದಿಕೊಂಡು ಉಣ್ಣುತ್ತಿದ್ದವರು ಅವರು. ಉಸಿರಿಗೂ ಅದೇ ಪದ್ಧತಿ ಹಾಕಿಕೊಂಡಿದ್ದರು. ನನಗೆ ಅಳಬೇಕೋ ಅರಚಬೇಕೋ ತಿಳಿಯಲಿಲ್ಲ. ಅರಚಿದೆ. ಕಾಕು ನನ್ನ ಕೈಗೆ ಶೇಂಗಾ ಹೋಳಿಗೆ ಇಟ್ಟರು.

ಕೊನೆಗೆ ಆ ವಾದ ಗೆದ್ದವರು ಒಬ್ಬ ಡಾಕ್ಟರು, ಅದೂ ಎರಡೇ ಶಬ್ದದಲ್ಲಿ. ಕಾಕಾನನ್ನು ತೋರಿಸುವ ದಿನ ನಾನು ರಿಕ್ಷಾ ಹಿಡಿದು ಜೊತೆಗೆ ಹೋಗಿದ್ದೆ. ಮೆಟ್ಟಿಲ ಮೇಲೆ ಕಾಕಾ ಮುಂದೆ, ಕೈ ಬೀಸಿಕೊಂಡು. ಹಿಂದೆ ಕಾಕು, ಅವರ ಫೈಲು, ನೀರಿನ ಬಾಟಲಿ, ಶಾಲು, ಬಿಸ್ಕೀಟಿನ ಪುಡಿಕೆ ಎಲ್ಲ ಹೊತ್ತುಕೊಂಡು. ಒಳಗೆ ಕಾಲಿಟ್ಟ ಮೇಲೆ ಕಾಕುವಿಗೆ ಮಾತೇ ಹೊರಡಲಿಲ್ಲ, ಮೇಜಿನ ಅಂಚು ಹಿಡಿದು ನಿಂತರು. ಆ ಡಾಕ್ಟರು ಮರಾಠಿ ಹೆಣ್ಣುಮಗಳು, ನನಗಿಂತ ಬಹಳ ದೊಡ್ಡವರಲ್ಲ. ಒಬ್ಬರನ್ನು ನೋಡಿದರು, ಇನ್ನೊಬ್ಬರನ್ನು ನೋಡಿದರು.

“ಪೇಶಂಟ ಕೋಣ?” ರೋಗಿ ಯಾರು?

ಕಾಕಾ ಕೈ ಎತ್ತಿದರು. ಡಾಕ್ಟರು ಕುರ್ಚಿಯನ್ನು ಕಾಕುವಿನ ಕಡೆಗೆ ದೂಡಿದರು.

ಊದಿಸಿದರು, ಎಕ್ಸ್‌ರೇ ತೆಗೆಸಿದರು, ಮಣಿಕಟ್ಟಿನ ನಾಡಿಯಿಂದ ರಕ್ತ ತೆಗೆದರು. ಫಲಿತಾಂಶಕ್ಕೆ ಕಾಯುತ್ತಾ ಹೊರಗಿನ ಬೆಂಚಿನ ಮೇಲೆ ನಾನು ಕೂತಿದ್ದೆ. ಅಲ್ಲಿದ್ದವರ ಕೈಯಲ್ಲೆಲ್ಲ ಅದೇ ನಾಲ್ಕಕ್ಷರದ ಫೈಲು. ಆದರೆ ಒಬ್ಬರಂತೆ ಒಬ್ಬರಿಲ್ಲ. ಸಾಸವಡದ ಕಡೆಯ ಕಲ್ಲುಗಣಿಯಲ್ಲಿ ದುಡಿದ ಮುದುಕನೊಬ್ಬ ಇದ್ದ, ಪೇಟೆಯ ಕೆಳಗೆ ಎಲುಬೇ ಕಾಣುವ ಮುಖ, ಕೆಮ್ಮೇ ಇಲ್ಲ, ಆದರೆ ಬೆಂಚಿನಿಂದ ಏಳಲು ಮಗನ ಹೆಗಲು ಬೇಕು. ಅವನ ಪಕ್ಕದಲ್ಲಿ ಕಫ ಉಗುಳಲು ಡಬ್ಬಿ ಹಿಡಿದೇ ಕೂತ ರಿಕ್ಷಾದವನು. ಇನ್ನೊಬ್ಬರು ಬ್ಯಾಂಕಿನವರು, ವರ್ಷವಿಡೀ ಪರ್ವತಿ ಗುಡ್ಡ ಹತ್ತುತ್ತಾರಂತೆ, ಚಳಿಗಾಲದಲ್ಲಿ ಒಂದು ನೆಗಡಿಯಾದರೆ ನೇರ ಐಸಿಯು ಅಂತೆ. ಚಿಕ್ಕಂದಿನಲ್ಲಿ ಅಸ್ತಮಾ ಇದ್ದು ಈಗ ಅದರ ಜೊತೆ ಇದೂ ಸೇರಿಕೊಂಡ ಒಬ್ಬಾಕೆ. ಒಂದೇ ಹೆಸರು. ಒಬ್ಬನಿಗೆ ತೂಕ ಹೆಚ್ಚಿಸಬೇಕು, ಇನ್ನೊಬ್ಬನಿಗೆ ಇಳಿಸಬೇಕು. ಒಬ್ಬನಿಗೆ ಹಿತವಾದದ್ದು ಇನ್ನೊಬ್ಬನಿಗೆ ಬೇಕಾಗಿಯೇ ಇಲ್ಲ. ಆದರೂ ಬೆಂಚಿನ ಮೇಲೆ ಅವರು ಮಾಡುತ್ತಿದ್ದದ್ದೇನು? ಒಬ್ಬರ ಗುಳಿಗೆಯ ಚೀಟಿ ಇನ್ನೊಬ್ಬರಿಗೆ ತೋರಿಸುತ್ತಾ, ನನಗೆ ಇದು ಭಾಳ ಚಲೋ ಆಯಿತು, ನೀವೂ ತಗೊಳ್ಳಿ ಎಂದು ಉಪದೇಶ. ಮದುವೆಯ ಮನೆಯಲ್ಲಿ ಉಪ್ಪಿನಕಾಯಿಯ ವಿಧಾನ ಹೇಳಿಕೊಟ್ಟ ಹಾಗೆ. ನಾನು ಬಾಯಿ ಹಾಕಲು ಹೋದೆ. ರಿಕ್ಷಾದವನು ನೀವು ಡಾಕ್ಟರಾ ಎಂದು ಕೇಳಿದ. ಅಲ್ಲ ಎಂದೆ. ಹಾಗಾದರೆ ಕೂಡ್ರಿ ಅಂದ.

ಕಾಕುವಿಗೆ ಕಾಕಾನದೇ ಹೆಸರಿನ ಕಾಯಿಲೆ, ಆದರೆ ಕಾಕಾನದಲ್ಲ. ಡಾಕ್ಟರು ನಮ್ಮ ಮೂವರನ್ನೂ ಕೂರಿಸಿ ನಿಧಾನವಾಗಿ ಹೇಳಿದರು. ಕಾಕಾನ ಶ್ವಾಸಕೋಶ ಹರಿದ ಬಲೆಯಾಗಿದೆ, ಆದರೆ ಅವರು ಮೈಯೆಲ್ಲ ಬಲ ಹಾಕಿ ಊದಿ ಕೆಟ್ಟ ಗಾಳಿ ಹೊರಗೆ ಹಾಕುತ್ತಾರೆ. ಕಾಕುವಿನದು ನಾಳ ದಪ್ಪಗಟ್ಟಿದ ಎದೆ. ಕೆಟ್ಟ ಗಾಳಿ ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತಿದೆ. ಬೆಳಗಿನ ತಲೆನೋವು, ಮಧ್ಯಾಹ್ನದ ತೂಕಡಿಕೆ ಎಲ್ಲ ಅದರದೇ. ನಾವು ಅಷ್ಟು ವರ್ಷ ನಕ್ಕ ತಮಾಷೆ ಅದು! ಕೊನೆಗೆ ಒಂದು ಎಚ್ಚರಿಕೆ ಕೊಟ್ಟರು, ಎರಡು ಸಲ ಹೇಳಿದರು. ಕಾಕಾನಿಗೆ ಮನೆಯಲ್ಲಿ ಆಕ್ಸಿಜನ್ ಯಂತ್ರ ಇದೆಯಲ್ಲ, ಅದನ್ನು ಇವರಿಗೆ ಹಾಕಬೇಡಿ. ಇಂಥವರಿಗೆ ಆಕ್ಸಿಜನ್ ಕೊಡಲೇಬೇಕಾದರೂ ಅಳೆದು, ಕಡಿಮೆ. ಹೆಚ್ಚು ಕೊಟ್ಟರೆ ಕೆಟ್ಟ ಗಾಳಿ ಇನ್ನೂ ಏರುತ್ತದೆ, ಮಂಪರು ಹತ್ತುತ್ತದೆ, ಆ ಮಂಪರಿನಲ್ಲೇ ಉಸಿರು ನಿಲ್ಲಬಹುದು.

ಕಾಕಾ ತಲೆ ಆಡಿಸಿದರು. ರಿಕ್ಷಾದಲ್ಲಿ ನನ್ನ ಕಡೆ ತಿರುಗಿ, “ಗಾಳಿಗೆ ಗಾಳಿನೇ ಅಲ್ಲೇನವಾ. ನಂಗ ಒಳ್ಳೇದು, ಆಕಿಗೆ ಕೆಟ್ಟದ್ದು ಹ್ಯಾಂಗ ಆಗ್ತದ?” ಅಂದರು.

ಮನೆ ಮುಟ್ಟುವವರೆಗೂ ನಾನು ವಿವರಿಸಿದೆ. ಉಪ್ಪು ಒಳ್ಳೆಯದೇ, ಬಿಪಿ ಇದ್ದವರಿಗೆ ಯಾಕೆ ಕಡಿಮೆ ಮಾಡುತ್ತಾರೆ? ಸಕ್ಕರೆ ಒಳ್ಳೆಯದೇ, ನಿಮ್ಮ ಅಣ್ಣನವರಿಗೆ ಯಾಕೆ ಬಂದ್ ಮಾಡಿದರು? ಉದಾಹರಣೆಯ ಮೇಲೆ ಉದಾಹರಣೆ. ಕಾಕಾ ಹೂಂ ಅಂದರು. ಹೂಂ ಅನ್ನುವುದು ಒಪ್ಪಿಗೆಯಲ್ಲ ಎಂದು ಯಾವ ಚರ್ಚಾಸ್ಪರ್ಧೆಯಲ್ಲೂ ಕಲಿಸುವುದಿಲ್ಲ.

ಅದಾದ ಮೇಲೆ ಕಾಕುವಿಗೆ ಒಂದು ಸ್ವಂತ ಪಂಪು ಬಂತು, ಸ್ವಂತ ಗುಳಿಗೆ ಬಂದವು. ಒಲೆ ಮಾತ್ರ ಹೋಗಲಿಲ್ಲ. ಖಾನಾವಳಿ ಆಗಲೇ ಮುಚ್ಚಿತ್ತು. ಆದರೂ ಕಾಕಾನಿಗೆ ಗ್ಯಾಸಿನ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ ಎಂದು ದಿನಕ್ಕೊಮ್ಮೆ ಹೊತ್ತಿಸುತ್ತಿದ್ದರು. ನಾನು ಕಟ್ಟಿಗೆಯನ್ನು ಬಚ್ಚಿಟ್ಟೆ, ಅವರು ಹಣ್ಣಿನ ಪೆಟ್ಟಿಗೆಯ ಹಲಗೆ ತಂದರು. ಗಂಡ ಹೆಂಡತಿ ಇಬ್ಬರೂ ಹಟಮಾರಿಗಳು. ಒಬ್ಬರಿಗೆ ರುಚಿಯ ಹಟ, ಇನ್ನೊಬ್ಬರಿಗೆ ಬಡಿಸುವ ಹಟ...

ಆ ಮಧ್ಯಾಹ್ನ ನಾನು ಆಫೀಸಿನಿಂದ ಬೇಗ ಬಂದಿದ್ದೆ. ಕಾಕುವಿಗೆ ಕೆಲವು ದಿನಗಳಿಂದ ನೆಗಡಿ, ಕಫ ಏರಿತ್ತು. ಡಾಕ್ಟರಲ್ಲಿಗೆ ಹೋಗೋಣ ಅಂದರೆ ನಾಳೆ, ನಾಳೆ. ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಒಳಗೆ ನಾಲ್ಕೈದು ಜನ ನೆರೆಯವರು ದನಿ ತಗ್ಗಿಸಿ ನಿಂತಿದ್ದರು. ಮಂಚದ ಮೇಲೆ ಕಾಕು, ಮೂಗಿಗೆ ಕಾಕಾನ ಆಕ್ಸಿಜನ್ ನಳಿಕೆ. ಕಾಕಾ ನಳಿಕೆಯಿಲ್ಲದೆ ಪಕ್ಕದ ಕುರ್ಚಿಯಲ್ಲಿ ತುಟಿ ಮುಂದೆ ಮಾಡಿ ಏದುಸಿರು ಬಿಡುತ್ತಾ ಹೆಂಡತಿಯ ಕೈ ಹಿಡಿದು ಕೂತಿದ್ದರು. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅವರು ಆಕೆಯ ಕೈ ಹಿಡಿದದ್ದನ್ನು ನೋಡಿರಲಿಲ್ಲ. ಎರಡನೆಯ ಮಹಡಿಯವರ ಕಣ್ಣಲ್ಲಿ ನೀರು. ನೋಡು, ತಮ್ಮದನ್ನು ಬಿಚ್ಚಿ ಆಕೆಗೆ ಹಾಕ್ಯಾರ, ತಮ್ಮ ಜೀವದ ಹಂಗು ಇಲ್ಲದ, ಎಂದು ಪಿಸುಗುಟ್ಟಿದರು. ಕಾಕು ಬೆಳಿಗ್ಗೆಯಿಂದ ದಮ್ಮು ಏರಿ ಕೂಡಲಿಕ್ಕೂ ಆಗದೆ ಒದ್ದಾಡುತ್ತಿದ್ದರಂತೆ, ನಳಿಕೆ ಹಾಕಿದ ಸ್ವಲ್ಪ ಹೊತ್ತಿಗೆ ಎಷ್ಟು ಶಾಂತವಾಗಿ ನಿದ್ದೆ ಹತ್ತಿತು ನೋಡು ಎಂದರು.

ಯಂತ್ರದ ಮುಂಭಾಗದಲ್ಲಿ ಒಂದು ಸಣ್ಣ ಗಾಜಿನ ಕೊಳವೆ ಇರುತ್ತದೆ, ಅದರೊಳಗೆ ಒಂದು ಪುಟ್ಟ ಗುಂಡು. ಗುಂಡಿ ತಿರುಗಿಸಿದಷ್ಟು ಆಕ್ಸಿಜನ್ ಹೆಚ್ಚಿ, ಗುಂಡು ಮೇಲೇರುತ್ತದೆ. ಕಾಕಾನಿಗೆ ಎಷ್ಟು ಬೇಕೋ ಅಲ್ಲಿಗೆ ಡಾಕ್ಟರು ಬಿಳಿ ಪಟ್ಟಿ ಅಂಟಿಸಿಕೊಟ್ಟಿದ್ದರು, ಅದು ಕೆಳಗಿತ್ತು. ಗುಂಡು ಕೊಳವೆಯ ನೆತ್ತಿಗೆ ಹೋಗಿ ಅಂಟಿಕೊಂಡಿತ್ತು. ಹೆಂಡತಿಗೆ ಕೊಡುವಾಗ ಕೈ ಬಿಗಿ ಮಾಡಬಾರದೆಂದು ಕಾಕಾ ಪೂರ್ತಿ ತಿರುಗಿಸಿಬಿಟ್ಟಿದ್ದರು.

ಕಾಕು ಎಂದು ಕೂಗಿದೆ. ಏಳಲಿಲ್ಲ. ಭುಜ ಹಿಡಿದು ಅಲುಗಿಸಿದೆ. ಕಣ್ಣು ಅರ್ಧ ತೆರೆದು ಏನೋ ತೊದಲಿ ಮತ್ತೆ ಮುಚ್ಚಿದರು. ಹಿಂದಿನಿಂದ ಯಾರೋ ನನ್ನ ತೋಳು ಹಿಡಿದರು. ಏಳಿಸಬ್ಯಾಡ, ಎಷ್ಟೋ ದಿನದ ಮ್ಯಾಲೆ ಮಲಗ್ಯಾರ. ಹಾಗಲ್ಲ, ಅದು ನಿದ್ದೆಯಲ್ಲ ಎಂದೆ. ವಾದ ಮಾಡುವ ಹೊತ್ತೇ ಇದು ಎಂದು ಇನ್ನೊಬ್ಬರು. ಅಲ್ಲ, ನನಗೆ ಈಗಲೂ ಅರ್ಥವಾಗುವುದಿಲ್ಲ, ಒಬ್ಬ ಮನುಷ್ಯ ಎಚ್ಚರವಿದ್ದಾನೋ ಇಲ್ಲವೋ ಎಂದು ನೋಡುವುದಕ್ಕೂ ನನಗೆ ಅಲ್ಲಿ ಬಹುಮತ ಬೇಕಿತ್ತು. ತೋಳು ಬಿಡಿಸಿಕೊಂಡು ಡಾಕ್ಟರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಗುಂಡು ಕೆಳಗಿಳಿಸಿ, ಪೂರ್ತಿ ತೆಗೆಯಬೇಡಿ, ತೀರ ಕಡಿಮೆ ಮಾಡಿ ಈ ಕ್ಷಣ ಆಸ್ಪತ್ರೆಗೆ ತನ್ನಿ ಎಂದರು ಡಾಕ್ಟರು. ಗುಂಡಿ ತಿರುಗಿಸಲು ನಾನು ಬಗ್ಗಿದಾಗ ಕಾಕಾ ನನ್ನ ಕೈ ಹಿಡಿದು ತಡೆದರು.

“ಕಡಿಮಿ ಮಾಡಬ್ಯಾಡ, ವಕೀಲಬಾಯಿ. ಆಕಿಗೆ ಏನೂ ಕಡಿಮಿ ಮಾಡಬ್ಯಾಡ.”

ಅವರನ್ನು ಬೈಯಬೇಕೆಂದು ಬಾಯಿ ತೆರೆದೆ. ಬೈಗುಳಕ್ಕೆ ಹೊತ್ತಿರಲಿಲ್ಲ. ಅವರ ಕೈ ಸರಿಸಿ ಗುಂಡಿ ತಿರುಗಿಸಿದೆ.

ಅಂಬುಲೆನ್ಸು ಬಂತು. ಆಸ್ಪತ್ರೆಯಲ್ಲಿ ಬಿಗಿಯಾದ ಮುಖವಾಡ ಕಟ್ಟಿ, ಯಂತ್ರದಿಂದ ಗಾಳಿ ಒತ್ತಿ, ಕಾಕುವಿನ ರಕ್ತದೊಳಗಿನ ಕೆಟ್ಟ ಗಾಳಿಯನ್ನು ಇಳಿಸಿದರು. ಇನ್ನು ಸ್ವಲ್ಪ ಹೊತ್ತು ಮಲಗಲು ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮರುದಿನ ಮುಖವಾಡ ತೆಗೆದಾಗ ಮೂಗಿನ ಮೇಲೆ ಅದರ ಗಾಯದ ಗುರುತು. ನಡೆದದ್ದನ್ನೆಲ್ಲ ನಾನೇ ಹೇಳಿದೆ, ಸಿಟ್ಟಿನಿಂದಲೇ ಹೇಳಿದೆ. ಎಚ್ಚರಿಕೆ ಕೊಟ್ಟದ್ದು, ಕಾಕಾ ಕೇಳದ್ದು, ಗುಂಡು ನೆತ್ತಿಗೇರಿದ್ದು. ಕಾಕು ಕೇಳುತ್ತಾ ಕೇಳುತ್ತಾ ನಗಲು ಸುರು ಮಾಡಿದರು. ನಗು ಕೆಮ್ಮಾಯಿತು, ನರ್ಸು ಬಂದು ನನ್ನನ್ನು ನೋಡಿ ಹೋದಳು.

“ಇಷ್ಟು ವರ್ಷದಾಗ ಒಂದ ಸಲ ನಂಗ ಪೂರಾ ಕೊಟ್ರು ನೋಡ. ಅದೂ ನಂಗ ಆಗಿ ಬರಲಿಲ್ಲ.”

ಅಷ್ಟು ಹೇಳಿ ಸೆರಗು ಹುಡುಕಿದರು. ಆಸ್ಪತ್ರೆಯ ಅಂಗಿಗೆ ಸೆರಗಿರಲಿಲ್ಲ. ಕಣ್ಣನ್ನು ಅಂಗೈಯಿಂದಲೇ ಒರೆಸಿಕೊಂಡರು.

ಕಾಕು ಮನೆಗೆ ಬರುವ ಮುಂಚಿನ ಭಾನುವಾರ ಅಪ್ಪ ಹಾರೆ ಹಿಡಿದುಕೊಂಡು ಹಿತ್ತಲಿಗೆ ಹೋದ. ಒಲೆಯನ್ನು ಒಡೆದು, ಮಸಿ ಹಿಡಿದ ಇಟ್ಟಿಗೆಗಳನ್ನು ಗೋಣಿಚೀಲಕ್ಕೆ ತುಂಬಿ ಹೊರಗಿಟ್ಟು ಬಂದು ಸ್ನಾನ ಮಾಡಿದ. ‘ಬ್ಯಾರೆ ಆಗೇದ’ ಅಂದವನು ಯಾರು ಎಂಬ ನನ್ನ ಪ್ರಶ್ನೆಗೆ ಅಂದು ಉತ್ತರ ಸಿಕ್ಕಿತು ಎಂದುಕೊಂಡೆ. ಕೇಳಲು ಹೋಗಲಿಲ್ಲ, ಆದರೆ ಆ ಹಾರೆಯನ್ನು ಹತ್ತು ವರ್ಷ ಮೊದಲೇ ಹಿಡಿಯಬೇಕಿತ್ತು ಎಂದು ಊಟಕ್ಕೆ ಕೂತಾಗ ಗೋಡೆಗೆ ಹೇಳಿದೆ.

ಆಮೇಲೆ ಒಂದು ವರ್ಷ ಚಲೋ ಹೋಯಿತು. ಗ್ಯಾಸಿನ ರೊಟ್ಟಿ ಕಾಕಾನ ಗಂಟಲಲ್ಲಿ ಇಳಿಯಿತು. ಇಳಿಯುತ್ತದೆ, ಯಾಕೆ ಇಳಿಯುವುದಿಲ್ಲ? ಕಾಕು ರಾತ್ರಿ ಮಲಗುವಾಗ ತನ್ನದೇ ಸಣ್ಣ ಮುಖವಾಡದ ಯಂತ್ರ ಹಾಕಿಕೊಳ್ಳಲು ಕಲಿತರು. ತಲೆನೋವು ಬಿಟ್ಟಿತು, ಮಧ್ಯಾಹ್ನ ಎಚ್ಚರವಾಗಿ ಕೂತು ನಮ್ಮೆಲ್ಲರ ಮೇಲೆ ತಮಾಷೆ ಮಾಡುವಂತಾದರು. ಅವರ ತಂಗಿ ಇದ್ದದ್ದು ಸಾಸವಡದಲ್ಲಿ, ಬಸ್ಸು ಹತ್ತಿದರೆ ಮುಗಿಯಿತು. ಆದರೂ ಇವರಿಗೆ ರೊಟ್ಟಿ ಯಾರು ಮಾಡಿ ಹಾಕಬೇಕು ಎಂದು ಎಷ್ಟೋ ವರ್ಷ ಹೋಗಿರಲಿಲ್ಲ. ಆ ವರ್ಷ ಒಬ್ಬರೇ ಹೋಗಿ ಉಳಿದು ಬಂದರು. ಬರುವಾಗ ನನಗೆ ಸೀತಾಫಲ ತಂದು, ವಕೀಲಬಾಯಿ, ಇದು ನಿನ್ನ ಫೀ ಅಂದರು. ನನಗೆ ಒಳ್ಳೆಯ ಹಣ್ಣು ಕೊಟ್ಟು, ತೀರ ಮೆತ್ತಗಾದದ್ದನ್ನು ತಮಗೆ ಇಟ್ಟುಕೊಂಡರು. ನಾನು ಬದಲಿಸಿದೆ, ಅವರು ಮತ್ತೆ ಬದಲಿಸಿದರು.

ಮುಂದಿನ ಚಳಿಗಾಲದಲ್ಲಿ ಎದೆಗೆ ಸೋಂಕು ತಗುಲಿ ಆಸ್ಪತ್ರೆಗೆ ಸೇರಿದ ಕಾಕು ಮತ್ತೆ ಮನೆಗೆ ಬರಲಿಲ್ಲ. ಈ ಸಲ ಯಾರೂ ಏನೂ ತಪ್ಪು ಮಾಡಿರಲಿಲ್ಲ. ಹಾಗಾಗಿ ನನ್ನ ಸಿಟ್ಟಿಗೆ ಹೋಗಲು ಜಾಗವೇ ಸಿಗಲಿಲ್ಲ. ಮಾತಾಡಿಸಲು ಬಂದವರಲ್ಲಿ ಒಬ್ಬರು ಕೇಳಿದರು, ಅವರು ಸೇದತಿದ್ರೇನು ಎಂದು. ನಾನು ಅವರನ್ನು ಬಾಗಿಲವರೆಗೆ ಕಳಿಸಿ ಬಂದೆ.

ಎಲ್ಲರೂ ಮೊದಲು ಹೋಗುತ್ತಾರೆ ಎಂದುಕೊಂಡಿದ್ದ ಕಾಕಾ ಇದ್ದಾರೆ. ಅದೇ ನೆಲಮಹಡಿ, ಅದೇ ಯಂತ್ರ. ಅಮ್ಮ ದಿನಾ ಗ್ಯಾಸಿನ ಮೇಲಿನ ರೊಟ್ಟಿ ಕಳಿಸುತ್ತಾಳೆ, ತಿನ್ನುತ್ತಾರೆ. ಮೊನ್ನೆ ಮಾತ್ರ, ಬಹಳ ಸಂಕೋಚಪಟ್ಟು, ವಾಕಡದ ಕಡೆ ಎಲ್ಲೋ ಕಟ್ಟಿಗಿ ಒಲಿ ರೊಟ್ಟಿ ಮಾಡತಾರಂತ, ಹೌದೇನು ಎಂದು ನನ್ನನ್ನು ಕೇಳಿದರು. ಆ ಕ್ಷಣ ನನ್ನ ಬಾಯಿಗೆ ಬಂದದ್ದೆಲ್ಲ ಇಲ್ಲಿ ಬರೆಯುವಂಥದ್ದಲ್ಲ. ಅಪ್ಪ, ನಾನು, ಡಾಕ್ಟರು ಎಲ್ಲ ಸೇರಿ ಬಡಿದಾಡಿದ್ದು ಯಾವುದಕ್ಕೆ? ಆದರೂ ಹೋದೆ. ಎಲ್ಲ ವಾದವೂ ನನ್ನ ಕಡೆಗೇ ಇತ್ತು, ಆದರೂ ಹೋದೆ. ಗಾಜಿನ ಗೂಡಿನ ಹೆಂಗಸಿಗೆ ಸಂದಿಯಿಂದ ಆ ಡಾಕ್ಟರ ನಂಬರು ಬರೆದುಕೊಟ್ಟೆ. ಆಕೆ ಅದನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ಮತ್ತೆ ತಟ್ಟಲು ಕೂತಳು. ಹೋಗುತ್ತಾಳೆ ಎಂದು ನನಗೆ ಅನ್ನಿಸಲಿಲ್ಲ.

ಪೊಟ್ಟಣ ಬಿಚ್ಚಿದ ಕೂಡಲೇ ಕೋಣೆಯಲ್ಲಿ ಆ ವಾಸನೆ ಹರಡಿತು. ಕಾಕಾ ರೊಟ್ಟಿಯನ್ನು ಮೂಗಿನ ಹತ್ತಿರ ಹಿಡಿದರು. ನಳಿಕೆ ಅಡ್ಡ ಬಂತು, ಅದನ್ನು ಸರಿಸದೆ ಹಾಗೆಯೇ ಎಳೆದುಕೊಂಡರು. ಒಂದು ರೊಟ್ಟಿ ತಿಂದರು. ಎರಡನೆಯದನ್ನು ಮಡಚಿ ತಾಟಿಗೆ ಹಾಕಿ, ಮೇಲೆ ಇನ್ನೊಂದು ತಾಟು ಮುಚ್ಚಿ, ಅಡುಗೆಮನೆಯ ಕಡೆಗೆ ಸರಿಸಿಟ್ಟರು.

“ಅದು ಯಾರಿಗ್ರಿ ಕಾಕಾ?” ಎಂದೆ.

ಅವರು ಮುಚ್ಚಿದ ತಾಟನ್ನು ನೋಡುತ್ತಾ ತುಟಿ ಮುಂದೆ ಮಾಡಿ ಉಸಿರು ಬಿಟ್ಟರು.

“ರೂಢಿ ಆಗೇದವಾ.”

ಈ ಉತ್ತರಕ್ಕೆ ನನ್ನ ಬಳಿ ಎಷ್ಟೊಂದು ಖಂಡನೆಗಳಿದ್ದವು. ಕಾಕು ಇದ್ದಾಗ ಅವರ ಪಾಲಿಗೆ ಇಟ್ಟದ್ದು ತಳದಲ್ಲಿ ಉಳಿದದ್ದು, ಈಗ ಇಡುತ್ತಿರುವುದು ಬಿಸಿಯಾದ ಇಡೀ ರೊಟ್ಟಿ, ಇದು ಯಾವ ರೂಢಿ ಎಂದು ಕೇಳಬಹುದಿತ್ತು. ಕೇಳದೆ ಕೂತೆ. ಯಂತ್ರ ಗುಂಯ್‌ಗುಡುತ್ತಿತ್ತು. ಗಾಜಿನ ಕೊಳವೆಯಲ್ಲಿ ಗುಂಡು ಕೆಳಗೆ, ಬಿಳಿ ಪಟ್ಟಿಯ ಮೇಲೆಯೇ ನಿಂತಿತ್ತು, ಒಂದು ಕೂದಲು ಆಚೀಚೆ ಇಲ್ಲ.